ಪ್ಲಾನ್ ಇಲ್ಲದೆ ವೈಜಾಗ್, ಅಲ್ಲಿಂದ ವಿಜಯವಾಡ

ವೈಜಾಗ್‌ಗೆ ಒಬ್ಬರೇ ಹೊರಟಿದ್ದೀರಾ? ಮೊದಲು ಆರ್‌ಕೆ ಬೀಚ್‌ನ ‘ಕುರ್ಸುರಾ’ ಸಬ್‌ಮರೀನ್ ಒಳಗೆ ಹೋಗಿ. 1969ರಿಂದ 2001ರವರೆಗೆ ನೌಕಾಪಡೆಯಲ್ಲಿ ದುಡಿದ ಇದು 2002ರಿಂದ ಮ್ಯೂಸಿಯಂ. ಒಳಗೆ ವಿವರಿಸುವವರು ನಿವೃತ್ತ ನೌಕಾಪಡೆಯವರು. ಇಷ್ಟು ಇಕ್ಕಟ್ಟಲ್ಲಿ, ದಿನಗಟ್ಟಲೆ ಬಿಸಿಲು ಕಾಣದೆ, ಜಗಳವಿಲ್ಲದೆ ಇರೋದು ಹೇಗೆ ಅಂತ ಅವರನ್ನೇ ಕೇಳಿ. ಕೂಡುಕುಟುಂಬದವರು ನೋಟ್ಸ್ ಬರ್ಕೊಳ್ಳಿ!

ಆಮೇಲೆ ವಿಜಯವಾಡಕ್ಕೆ ರತ್ನಾಚಲ್ ಎಕ್ಸ್‌ಪ್ರೆಸ್. ಸುಮಾರು 350 ಕಿಲೋಮೀಟರ್, ಹಗಲು ರೈಲು. ಪಕ್ಕದ ಅಜ್ಜಿ ‘ಏ ಊರು?’ ಅಂತಾರೆ, ಮರುಕ್ಷಣ ‘ಭೋಜನಂ ಚೇಶಾರಾ?’ ಹೆಸರು ಕೇಳೋಕೆ ಮುಂಚೆ ಹಸಿವು ಕೇಳೋ ಜನ. ಬ್ಯಾಗ್‌ನಲ್ಲಿ ಒಂದಿಷ್ಟು ಕೋಡುಬಳೆ ಇಟ್ಕೊಳ್ಳಿ, ತಿರುಗಿ ಕೊಡೋಕೆ.

ವಿಜಯವಾಡದಲ್ಲಿ ಪ್ರಕಾಶಂ ಬ್ಯಾರೇಜ್ ಮೇಲೆ ನಿಂತರೆ ಕೆಳಗೆ ನಮ್ಮ ಆಲಮಟ್ಟಿ ದಾಟಿ ಬಂದ ಕೃಷ್ಣೆ. ಕರ್ನಾಟಕದವರು ಅಂದ್ರೆ ಮಾತು ತಾನಾಗೇ ಶುರು.

ಒಂದೇ ಕಿವಿಮಾತು: ರೈಲಲ್ಲಿ ಸೆಕೆಂಡ್ ಸಿಟ್ಟಿಂಗ್ ಟಿಕೆಟ್ಟೇ ತಗೊಳ್ಳಿ. ಎಸಿ ಬೋಗಿಯಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನ್.