ಹಿಟ್ಟಿನ ಕೋಳಿಯೂ ಹತ್ತನೆಯ ಲೋಕವೂ

ಮಿರಜದಿಂದ ಬೆಳಗಾವಿಯ ಕಡೆಗೆ ಹೊರಟ ರೈಲುಗಾಡಿಯು ಗಡಿಯನ್ನು ದಾಟಿ, ಉಗಾರವನ್ನು ಮುಟ್ಟುವುದಕ್ಕೆ ಮೊದಲು ನಿಲ್ಲುವ ಊರು ನಮ್ಮ ಶೇಡಬಾಳ. ಎತ್ತ ನೋಡಿದರತ್ತ ಕಬ್ಬು, ಸಂತೆಯಲ್ಲಿ ಕನ್ನಡದೊಡನೆ ಹೆಣೆದುಕೊಂಡ ಮರಾಠಿ, ಶ್ರಾವಕರ ಮನೆಗಳಲ್ಲಿ ಸೂರ್ಯಾಸ್ತಕ್ಕೆ ಮೊದಲೇ ಮುಗಿದುಹೋಗುವ ಊಟ, ಇವು ಈ ಊರಿನ ಲಕ್ಷಣಗಳು. 1925ರಲ್ಲಿ ಇಲ್ಲಿ ಸುರೇಂದ್ರ ಉಪಾಧ್ಯೆ ಎಂಬ ಹೆಸರಿನಲ್ಲಿ ಜನಿಸಿ, ಮುಂದೆ ಆಚಾರ್ಯ ವಿದ್ಯಾನಂದ ಮುನಿಗಳೆಂದು ದೇಶಕ್ಕೆಲ್ಲ ಪೂಜ್ಯರಾದವರ ನೆನಪು ಇನ್ನೂ ಹಸಿಯಾಗಿರುವ ಈ ಊರಿನಲ್ಲಿ, ಕಳೆದ ದೀಪಾವಳಿಯ ರಜೆಯ ಸಂಜೆಗಳಂದು, ನನ್ನ ತಂಗಿಯ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಕಂಡ ಒಂದು ಆಟದ ವಿಷಯವನ್ನು ಓದುಗರ ಮುಂದಿಡಬೇಕೆಂದು ಬರೆಯಲು ಕುಳಿತಿದ್ದೇನೆ.

ಆಟವೆಂದರೆ ಕಂಪ್ಯೂಟರಿನಲ್ಲಿ ಆಡತಕ್ಕ ಆಟ. ಅದರ ಹೆಸರು ವಾಲ್‌ಹೈಮ್. ಆಡುತ್ತಿದ್ದವರು ನಾಲ್ವರು. ಪುಣೆಯಲ್ಲಿ ಓದುತ್ತ ರಜೆಗೆಂದು ಬಂದಿದ್ದ ನನ್ನ ಸೋದರಳಿಯನು ಪಡಸಾಲೆಯಲ್ಲಿ, ಅವನ ಅಕ್ಕ ಬೆಂಗಳೂರಿನ ತನ್ನ ಬಾಡಿಗೆಯ ಮನೆಯಲ್ಲಿ, ಅವರ ಬಾಲ್ಯದ ಗೆಳೆಯನೊಬ್ಬ ಉಗಾರದಲ್ಲಿ, ಇನ್ನೊಬ್ಬ ಜರ್ಮನಿಯಲ್ಲಿ. ಹೀಗೆ ದಿಕ್ಕಿಗೊಬ್ಬರಾಗಿ ಕುಳಿತಿದ್ದರೂ ನಾಲ್ವರೂ ಒಂದೇ ಅಡವಿಯಲ್ಲಿದ್ದರು, ಒಂದೇ ಮಳೆಯಲ್ಲಿ ನೆನೆಯುತ್ತಿದ್ದರು, ಒಂದೇ ಒಲೆಯ ಸುತ್ತ ಮೈ ಕಾಯಿಸಿಕೊಳ್ಳುತ್ತಿದ್ದರು.

ನಮ್ಮ ಚೌಕಾಬಾರದಲ್ಲಾಗಲಿ ಪಗಡೆಯಲ್ಲಾಗಲಿ ಒಬ್ಬನ ಕಾಯಿ ಹಣ್ಣಾಗಬೇಕಾದರೆ ಎದುರಾಳಿಯ ಕಾಯಿಯನ್ನು ಕಡಿಯಬೇಕಾದೀತು. ಮನೆಗಳು ಇಂತಿಷ್ಟೇ, ದಾರಿಯು ಇದೊಂದೇ. ಈ ಹೊಸ ಜಾತಿಯ ಆಟದಲ್ಲಿ ಆಟಗಾರರೊಳಗೆ ಎದುರಾಳಿಯಿಲ್ಲ, ಹಾಕಿಕೊಟ್ಟ ದಾರಿಯಿಲ್ಲ, ಇಷ್ಟು ಹೊತ್ತಿಗೆ ಮುಗಿಯಬೇಕೆಂಬ ಕಟ್ಟಳೆಯೂ ಇಲ್ಲ. ಬರಿಗೈಯಲ್ಲಿ ಒಂದು ಅಪರಿಚಿತ ಭೂಮಿಯ ಮೇಲೆ ಬಂದಿಳಿದವರು ಕಲ್ಲು ಕಡ್ಡಿಗಳನ್ನು ಆಯ್ದು ಕೊಡಲಿ ಕಟ್ಟಿಕೊಳ್ಳಬೇಕು, ಮರ ಕಡಿದು ಮನೆ ಎಬ್ಬಿಸಬೇಕು, ಅದಿರು ಅಗೆದು ಕರಗಿಸಬೇಕು, ಕತ್ತಲೆಗೂ ಚಳಿಗೂ ದುಷ್ಟಜಂತುಗಳಿಗೂ ಎದೆಗೊಡಬೇಕು. ನಾರ್ವೆ, ಸ್ವೀಡನ್ ಮೊದಲಾದ ಉತ್ತರದ ನಾಡುಗಳ ಪುರಾಣದಲ್ಲಿ ಒಂಬತ್ತು ಲೋಕಗಳುಂಟು. ಅಲ್ಲಿಯ ದೇವಾಧಿದೇವನಾದ ಓಡಿನನು ತನ್ನ ವೈರಿಗಳನ್ನು ದೂಡಿಬಿಟ್ಟ ಹತ್ತನೆಯದೊಂದು ಲೋಕವನ್ನು ಆಟವನ್ನು ರಚಿಸಿದವರು ಕಲ್ಪಿಸಿಕೊಂಡು, ರಣದಲ್ಲಿ ಮಡಿದ ವೀರರನ್ನು ಆ ವೈರಿಗಳ ಸಂಹಾರಕ್ಕೆಂದು ಅಲ್ಲಿಗೆ ಕಳುಹಿಸುತ್ತಾರೆ. ಆಟಗಾರನೆಂದರೆ ಅಂಥ ಮಡಿದ ವೀರ.

ಇದನ್ನು ಕಟ್ಟಿದವರು ಸ್ವೀಡನ್ ದೇಶದ ಶೋವ್ಡೆ ಎಂಬ ಸಣ್ಣ ಪಟ್ಟಣದ ಐರನ್ ಗೇಟ್ ಎಂಬ ಸಂಸ್ಥೆಯವರು. ರಿಚರ್ಡ್ ಸ್ವೆನ್ಸನ್ ಎಂಬಾತನು ಬಿಡುವಿನ ವೇಳೆಯಲ್ಲಿ ಆರಂಭಿಸಿದ ಕೆಲಸವು, 2021ರ ಫೆಬ್ರುವರಿ 2ರಂದು ಮಾರಾಟಕ್ಕೆ ಬಂದಾಗ, ಐದೇ ಜನರ ಕೈಗೆಲಸವಾಗಿತ್ತು. ಒಂದು ವಾರದೊಳಗೆ 10 ಲಕ್ಷ ಪ್ರತಿಗಳೂ ಒಂದು ತಿಂಗಳ ಸುಮಾರಿಗೆ 50 ಲಕ್ಷ ಪ್ರತಿಗಳೂ ಖರ್ಚಾದವು. ಲೋಕವೆಲ್ಲ ಸೋಂಕಿನ ಭಯದಿಂದ ಕದವಿಕ್ಕಿಕೊಂಡು ಕುಳಿತಿದ್ದ ಆ ಕಾಲದಲ್ಲಿ, ಕೂಡಿ ದುಡಿಯಲು ಒಂದು ಅಂಗಳ ದೊರೆತುದೇ ಈ ಜನಪ್ರಿಯತೆಗೆ ಮುಖ್ಯ ಕಾರಣವೆಂದು ನಾನು ನಂಬುತ್ತೇನೆ. ಒಂದು ಲೋಕದಲ್ಲಿ ಏಕಕಾಲಕ್ಕೆ ಹತ್ತು ಮಂದಿ ಇರಬಹುದು.

ಲೋಕವೆಂದೆ. ಅದು ಹುಟ್ಟುವ ಬಗೆಯೇ ಒಂದು ಸೋಜಿಗ. ಬೆಟ್ಟ, ನದಿ, ದ್ವೀಪಗಳನ್ನು ಯಾರೂ ಕೈಯಿಂದ ಬರೆದಿಟ್ಟಿರುವುದಿಲ್ಲ. ಆಟಗಾರನು ಹತ್ತು ಅಕ್ಷರಗಳನ್ನು ಮೀರದ ಒಂದು ಪದವನ್ನು ಕೊಡಬೇಕು, ಅದಕ್ಕೆ ಬೀಜವೆಂದು ಹೆಸರು. ಆ ಬೀಜದಿಂದ ಗಣಿತದ ಸೂತ್ರಗಳ ಮೂಲಕ, ನಡುವಿನಿಂದ ಅಂಚಿಗೆ ಹತ್ತು ಕಿಲೋಮೀಟರು ದೂರವಿರುವ ದುಂಡನೆಯ ಲೋಕವೊಂದು ಬೆಳೆಯುತ್ತದೆ. ನನ್ನ ಅಳಿಯನು ಇಂಗ್ಲಿಷ್ ಲಿಪಿಯ ಏಳು ಅಕ್ಷರಗಳಲ್ಲಿ ಬಿತ್ತಿದ್ದ ಬೀಜವಾವುದೆಂದು ಕೇಳಿದಾಗ ಅವನು ತುಸು ನಾಚಿಕೊಂಡು, “ನಮ್ಮ ಊರ ಹೆಸರನ ಕೊಟ್ಟೇನ್ರಿ ಮಾಮಾ” ಎಂದನು. ಕೃಷ್ಣೆಯ ದಂಡೆಯ ನಾಡಿನ ಹೆಸರಿನಿಂದ ಹುಟ್ಟಿದ ಆ ಲೋಕದಲ್ಲಿ ಕಬ್ಬಿರಲಿಲ್ಲ; ಪೈನ್ ಮರಗಳಿದ್ದವು, ಹಿಮಶಿಖರಗಳಿದ್ದವು, ಮುಗಿಯದ ಕಡಲಿತ್ತು.

ಮೊದಲನೆಯ ಸಂಜೆ ಅವನು ಒತ್ತಾಯದಿಂದ ಮೌಸನ್ನು ನನ್ನ ಕೈಗಿತ್ತನು. ಕಲ್ಲಿನ ಕೊಡಲಿಯಿಂದ ಬೀಚ್ ಮರವೊಂದನ್ನು ನಾನು ಕಡಿಯುತ್ತಿರಲು, ಕಾಂಡವು ನರಳಿದಂತೆ ಸದ್ದಾಯಿತು, “ಮಾಮಾ, ಸರೀರಿ, ಗಿಡಾ ಬೀಳತೈತಿ!” ಎಂದು ಅಳಿಯನು ಕೂಗುವಷ್ಟರಲ್ಲಿ ಮರವು ನನ್ನ ಮೇಲೆಯೇ ಉರುಳಿ ನನ್ನ ವೀರನು ಸತ್ತುಬಿದ್ದನು. ಈ ಲೋಕಕ್ಕೆ ಇಷ್ಟರ ಮಟ್ಟಿನ ತೂಕವುಂಟು. ಮನೆಯೊಳಗೆ ಬೆಂಕಿ ಹಾಕಿ ಹೊಗೆ ಹೋಗಲು ಮಾಡಿನಲ್ಲಿ ಕಿಂಡಿ ಬಿಡದಿದ್ದರೆ ಒಳಗಿದ್ದವರು ಉಸಿರುಗಟ್ಟುತ್ತಾರೆ. ಮಾಡಿಲ್ಲದ ಕಟ್ಟಿಗೆಯ ಗೋಡೆಯು ಮಳೆಗೆ ಜೀರ್ಣವಾಗುತ್ತದೆ. ತೊಲೆಯು ನೆಲದ ಆಧಾರದಿಂದ ದೂರವಾದಷ್ಟೂ ಅದರ ಬಣ್ಣವು ಹಸಿರಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ತಿರುಗಿ, ಇನ್ನು ಮುಂದೆ ಭಾರ ಹೊರಲಾರೆನೆಂದು ಕಟ್ಟುವವನಿಗೆ ತಿಳಿಸುತ್ತದೆ. ಹಸಿವಿನಿಂದ ಸಾವಿಲ್ಲ, ಆದರೆ ಮೂರು ಬಗೆಯ ಆಹಾರವನ್ನು ಉಂಡವನಿಗೆ ಇರುವ ಬಲವು ಉಪವಾಸಿಗಿಲ್ಲ. ಒಲೆಯ ಬಳಿ ತುಸು ಹೊತ್ತು ಕುಳಿತು ದಣಿವಾರಿಸಿಕೊಂಡವನು ಹೆಚ್ಚು ದೂರ ಓಡಬಲ್ಲನು. ಮನೆಯಲ್ಲಿ ಪೀಠ, ಮೇಜು, ಹಾಸಿಗೆಗಳು ಕೂಡಿದಷ್ಟೂ ಆ ವಿಶ್ರಾಂತಿಯ ಫಲವು ದೀರ್ಘವಾಗುತ್ತದೆ. ಗೃಹಸ್ಥಾಶ್ರಮದ ಬೆಲೆಯನ್ನು ಇಷ್ಟು ಗೌರವದಿಂದ ಕಾಣುವ ಯುದ್ಧದ ಆಟವನ್ನು ನಾನು ಬೇರೆ ಕಾಣೆನು.

ಆಟದ ಮಾತೆಲ್ಲ ಇಂಗ್ಲಿಷಿನಲ್ಲಿದ್ದರೂ ಈ ನಾಲ್ವರು ಅದರ ಮೇಲೆ ತಮ್ಮದೊಂದು ಕನ್ನಡವನ್ನು ಹೊದಿಸಿಬಿಟ್ಟಿದ್ದರು. ಅದಿರು ಕರಗಿಸುವುದು ಭಟ್ಟಿ, ಕಂಚು ಬಡಿಯುವುದು ಕುಲುಮೆ, ಸಾಮಾನಿನ ಪೆಟ್ಟಿಗೆಗಳ ಕೋಣೆ ಹಗೇವು. ಎರಡು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿದರೆ ಕಂಚು. ಆ ಕಂಚಿನಿಂದ ಸಲಕರಣೆಯಾಗುವವರೆಗೆ ಗಜ್ಜರಿಯ ಬೀಜ ಕೈಯಲ್ಲಿದ್ದರೂ ಬಿತ್ತುವಂತಿಲ್ಲ. ಉಗಾರದ ಹುಡುಗನು ಗಣಿಯಲ್ಲಿ ತಾಮ್ರ ಅಗೆದರೆ, ಜರ್ಮನಿಯವನು ಕಟ್ಟಿಗೆ ಸುಟ್ಟು ಇದ್ದಲು ಮಾಡುವನು, ಅಕ್ಕ ಮನೆ ಕಟ್ಟುವಳು, ತಮ್ಮ ತೋಟ ಮಾಡುವನು. ಲೆಕ್ಕವಿಡುವವರು ಯಾರೂ ಇಲ್ಲ. ಆದರೂ ಇವತ್ತು ನಿನಗೆ ನಾನು, ನಾಳೆ ನನಗೆ ನೀನು ಎಂಬ ಮುಯ್ಯಾಳಿನ ಪದ್ಧತಿಯನ್ನು ಹೊಲದಲ್ಲಿ ಕಂಡ ನನ್ನಂಥವನಿಗೆ ಇದರ ಪರಿಚಯವನ್ನು ಬೇರೆ ಹೇಳಿಕೊಡಬೇಕಾಗಿರಲಿಲ್ಲ.

ಈ ಪರಸ್ಪರಾವಲಂಬನೆಯು ತಾನಾಗಿ ಬಂದುದಲ್ಲ, ರಚನಕಾರರು ಬುದ್ಧಿಪೂರ್ವಕವಾಗಿ ನೇಯ್ದುದು. ದೂರದ ಎಡೆಗಳ ನಡುವೆ ಕ್ಷಣಾರ್ಧದಲ್ಲಿ ಹೋಗಿಬರಬಲ್ಲ ಮಾಯಾದ್ವಾರಗಳನ್ನು ಅಲ್ಲಿ ಕಟ್ಟಬಹುದು. ಆದರೆ ಅದಿರಾಗಲಿ ಲೋಹವಾಗಲಿ ಆ ದ್ವಾರದೊಳಗೆ ಹಾಯಲಾರದು. ಕಬ್ಬಿಣವಿರುವುದು ಕಡಲಾಚೆಯ ಕೆಸರುಭೂಮಿಯ ಹುಗಿದ ನೆಲಮನೆಗಳಲ್ಲಿ. ಅದನ್ನು ತರಬೇಕಾದರೆ ನಾಲ್ವರೂ ದೋಣಿ ಏರಲೇಬೇಕು, ಒಬ್ಬನು ಚುಕ್ಕಾಣಿ ಹಿಡಿಯಬೇಕು, ಎದುರುಗಾಳಿಯಾದರೆ ಪಟವಿಳಿಸಿ ಹುಟ್ಟು ಹಾಕಬೇಕು, ಕಡಲಹಾವು ಎದ್ದರೆ ಉಳಿದವರು ಬಿಲ್ಲು ಹಿಡಿದು ನಿಲ್ಲಬೇಕು. 2023ರಿಂದೀಚೆಗೆ ಬೇಡವೆಂದವರು ಈ ನಿರ್ಬಂಧವನ್ನು ತೆಗೆದುಹಾಕಿಕೊಳ್ಳಬಹುದಾಗಿದೆಯಂತೆ. ನಮ್ಮವರು ತೆಗೆದಿರಲಿಲ್ಲ, ಅದು ಒಳ್ಳೆಯದೇ ಆಯಿತು. ಉಗಾರದ ಸಕ್ಕರೆ ಕಾರ್ಖಾನೆಯು 1939ರಲ್ಲಿ ಸ್ಥಾಪಿತವಾದಂದಿನಿಂದ ಈ ಭಾಗದ ರೈತನಿಗೆ ತಿಳಿದಿರುವುದೇನೆಂದರೆ, ಕಡಿದ ಕಬ್ಬು ಬೇಗ ಗಾಣ ಸೇರದಿದ್ದರೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಆದುದರಿಂದ ಕಡಿಯುವವನೂ ಹೇರುವವನೂ ಗಾಡಿ ಹೊಡೆಯುವವನೂ ಒಬ್ಬನ ಬೆನ್ನಿಗೊಬ್ಬನು ನಿಂತಿರಬೇಕು. ಕಷ್ಟವಾದ ದಾರಿಯೇ ಜನರನ್ನು ಕೂಡಿಸುತ್ತದೆ.

ಇನ್ನು ನನ್ನ ಮನಸ್ಸನ್ನು ಬಹುವಾಗಿ ಕಾಡಿದ ಸಂಗತಿಗೆ ಬರುತ್ತೇನೆ. ಅಳಿಯನು ಬೇಟೆಯಾಡುತ್ತಿರಲಿಲ್ಲ. ಹುಲ್ಲುಗಾವಲಿನಲ್ಲಿ ಜಿಂಕೆಗಳು ಮೇಯುತ್ತಿದ್ದವು, ಕಾಡುಹಂದಿಗಳು ತಿರುಗುತ್ತಿದ್ದವು. ಉಳಿದವರು ಅವನ್ನು ಹೊಡೆದು ಮಾಂಸವನ್ನೂ ತೊಗಲನ್ನೂ ತರುತ್ತಿದ್ದರು. ಇವನು ರಾಸ್‌ಬೆರಿ, ಬ್ಲೂಬೆರಿಗಳನ್ನು ತಿಂದು ಕಡಿಮೆ ಬಲದಲ್ಲಿಯೇ ದಿನ ಕಳೆಯುತ್ತಿದ್ದನು. ಹಂದಿಗಳಿಗೆ ಹಣ್ಣು ಚೆಲ್ಲಿ ಅವನ್ನು ಪಳಗಿಸಿ ಬೇಲಿಯೊಳಗೆ ಸಾಕಿದ್ದನು. ಅಕ್ಕ ಜೇನುಪೆಟ್ಟಿಗೆಗಳನ್ನು ಇಟ್ಟಿದ್ದಳು. ಮದ್ಯ ಮಾಂಸ ಮಧುಗಳ ತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಸೇರಿರುವುದರಿಂದ ಅದನ್ನೂ ಇವನು ಮುಟ್ಟಲಿಲ್ಲ. ಮೇಲೆರಗಿ ಬಂದ ರಾಕ್ಷಸರನ್ನು ಮಾತ್ರ ಗುರಾಣಿ ಹಿಡಿದು ಎದುರಿಸುವನು. ಉಳುಮೆ, ಕಟ್ಟಡ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ತಪ್ಪದೆ ಒದಗುವ ಹಿಂಸೆಯೇ ಬೇರೆ, ಕೊಲ್ಲಬೇಕೆಂದು ಸಂಕಲ್ಪಿಸಿ ಮಾಡುವ ಹಿಂಸೆಯೇ ಬೇರೆಯೆಂದು ಜೈನಾಚಾರ್ಯರು ಮಾಡಿದ ವಿಭಾಗವನ್ನು ಈ ಹುಡುಗನು ಗ್ರಂಥ ನೋಡದೆಯೇ ಪಾಲಿಸುತ್ತಿದ್ದನು.

ಆದರೆ ದೋಣಿಯ ವಿಷಯದಲ್ಲಿ ನನಗೊಂದು ಶಂಕೆ ಹುಟ್ಟಿತು. ಅವರ ದೋಣಿಯನ್ನು ಕಟ್ಟಲು ಮರ, ರಾಳ, ಕಂಚಿನ ಮೊಳೆಗಳ ಜೊತೆಗೆ ಹತ್ತು ಜಿಂಕೆಯ ತೊಗಲುಗಳು ಬೇಕು. ಚುಕ್ಕಾಣಿ ಹಿಡಿಯುವವನು ಇವನೇ. ತಾನು ಮಾಡಿದ್ದಷ್ಟೇ ಅಲ್ಲ, ಮಾಡಿಸಿದ್ದೂ ಅನುಮೋದಿಸಿದ್ದೂ ಕರ್ಮಬಂಧಕ್ಕೆ ಕಾರಣವೆಂದು ಶಾಸ್ತ್ರವು ಹೇಳುವುದಷ್ಟೆ? ಹಾಗೆಂದು ನಾನು ಕೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಅದನ್ನ ನಾನೂ ವಿಚಾರ ಮಾಡೇನ್ರಿ ಮಾಮಾ. ಆದ್ರ ಅವರನ್ನಷ್ಟ ಸಮುದ್ರಕ್ಕ ಕಳಿಸಿ ನಾ ದಂಡಿ ಮ್ಯಾಲೆ ಹೆಂಗ ಕೂಡ್ಲಿ?” ಎಂದನು.

ಇದೆಲ್ಲ ಪರದೆಯ ಮೇಲಿನ ಬೆಳಕು, ಅಲ್ಲಿ ಸತ್ತವರಾರು, ಎಂದು ಹೇಳಿ ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ. ಕನ್ನಡಿಗನಿಗೆ ಅದು ಅಷ್ಟು ಸುಲಭವಾಗಬಾರದು. ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿಯಾದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಇದೇ ಪ್ರಶ್ನೆಯೇ ಕಥೆಯ ತಿರುಳಾಗಿದೆ. ತಾಯಿಯ ಒತ್ತಾಯಕ್ಕೆ ಮಣಿದ ಯಶೋಧರನು, ಜೀವವಿರುವ ಪ್ರಾಣಿಯನ್ನು ಬಲಿಗೊಡಲೊಲ್ಲದೆ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ಮಾರಿದೇವತೆಯ ಮುಂದೆ ಕಡಿಯುತ್ತಾನೆ. ಆ ಹಿಟ್ಟಿನ ಕೋಳಿಯು ಕೂಗುತ್ತದೆ. ರಕ್ತವಿಲ್ಲದ ಆ ಬಲಿಯ ಫಲವಾಗಿ ತಾಯಿಮಕ್ಕಳು ನವಿಲಾಗಿ ನಾಯಾಗಿ, ಒಂದಾದಮೇಲೊಂದು ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಕಡಿದುದು ಹಿಟ್ಟಾದರೂ ಕಡಿದ ಭಾವವು ದಿಟವಾದುದು. ಎಂಟುನೂರು ವರ್ಷಗಳ ಹಿಂದೆಯೇ ನಮ್ಮ ಭಾಷೆಯಲ್ಲಿ ಹೀಗೆ ಚಿಂತಿಸಲ್ಪಟ್ಟ ವಿಷಯದಲ್ಲಿ, ಪರದೆಯ ಮೇಲಿನ ಜಿಂಕೆಗೆ ಕೈಯೆತ್ತದ ಹುಡುಗನನ್ನು ಅತಿಸೂಕ್ಷ್ಮದವನೆಂದು ನಾನು ಹೇಗೆ ಹೇಳಲಿ?

ಜನ್ನನ ಈ ತರ್ಕಕ್ಕೆ ಇನ್ನೊಂದು ಮುಖವೂ ಇದೆಯೆಂಬುದು ಆ ಪಡಸಾಲೆಯಲ್ಲಿಯೇ ನನಗೆ ಹೊಳೆಯಿತು. ಕಲ್ಪಿತ ವಸ್ತುವಿನ ಮೇಲೆ ಎಸಗಿದ ಹಿಂಸೆಯಲ್ಲಿ ಸಂಕಲ್ಪವು ದಿಟವಾಗಿದ್ದರೆ, ಕಲ್ಪಿತ ಲೋಕದಲ್ಲಿ ಎಸಗಿದ ಉಪಕಾರದಲ್ಲಿಯೂ ಸಂಕಲ್ಪವು ದಿಟವೇ ಆಗಿರಬೇಕು. ಜೀವಗಳಿಗೆ ಜೀವಗಳ ಪರಸ್ಪರ ಉಪಕಾರವೇ ಸ್ವಭಾವವೆಂಬ ಉಮಾಸ್ವಾತಿಯ ಸೂತ್ರವು ಜೈನಲಾಂಛನದ ಅಡಿಯಲ್ಲಿ ಇಂದಿಗೂ ಇದೆ. ಜರ್ಮನಿಯವನು ಎರಡು ದಿನ ಕೆಲಸದ ನಿಮಿತ್ತ ಬಾರದಿದ್ದಾಗ, ಉಳಿದವರು ಅವನ ಕೋಣೆಗೆ ಮಾಡು ಹೊದಿಸಿ, ಅವನ ಪೆಟ್ಟಿಗೆಯಲ್ಲಿ ಅವನ ಪಾಲಿನ ಕಂಚನ್ನು ಇಟ್ಟುದನ್ನು ನಾನು ಕಂಡೆನು. ಆ ಕಂಚು ಎಲ್ಲಿಯೂ ಇಲ್ಲ. ಅವನಿಗಾಗಿ ಅದನ್ನು ತೆಗೆದಿಟ್ಟುದಂತೂ ಇದೆ.

ಕೊನೆಯ ಸಂಜೆ ಕೆಸರುಭೂಮಿಯಲ್ಲಿ ಅಕ್ಕ ಸತ್ತಳು. ಸತ್ತವರು ತಮ್ಮ ಹಾಸಿಗೆಯ ಬಳಿ ಬರಿಮೈಯಲ್ಲಿ ಮತ್ತೆ ಎದ್ದೇಳುತ್ತಾರೆ. ಹೊತ್ತಿದ್ದ ಸಾಮಾನೆಲ್ಲ ಸತ್ತಲ್ಲಿ ಒಂದು ಗೋರಿಯಾಗಿ ಉಳಿಯುತ್ತದೆ, ಹೋಗಿ ತರಬೇಕು. ಆ ಗೋರಿಯಲ್ಲಿ ನಾಲ್ವರ ಕಬ್ಬಿಣವೂ ಇತ್ತು. ಯಾರೂ ಅವಳನ್ನು ಒಂದು ಮಾತೂ ಆಡಲಿಲ್ಲ. ಉಗಾರದವನು ತನ್ನ ಗುರಾಣಿ ಕೊಟ್ಟನು, ತಮ್ಮನು ತಾನು ಮೂರು ದಿನದಿಂದ ಕೂಡಿಟ್ಟಿದ್ದ ಹಣ್ಣುಗಳೆಲ್ಲವನ್ನೂ ಕೊಟ್ಟನು. ಮತ್ತೆ ದೋಣಿ ಹೊರಟಿತು. ನಡುದಾರಿಯಲ್ಲಿ ಇಲ್ಲಿ ಕರೆಂಟು ಹೋಗಿ, ಇಂಟರ್ನೆಟ್ಟಿನ ಪೆಟ್ಟಿಗೆಯು ಆರಿತು. ಆ ಲೋಕವು ಈ ಪಡಸಾಲೆಯ ಲ್ಯಾಪ್‌ಟಾಪಿನಲ್ಲಿಯೇ ನೆಲೆಸಿದ್ದುದರಿಂದ ಬೆಂಗಳೂರಿನಲ್ಲಿಯೂ ಜರ್ಮನಿಯಲ್ಲಿಯೂ ಕಡಲೇ ಮಾಯವಾಯಿತು. ಮುಕ್ಕಾಲು ಗಂಟೆ ಎಲ್ಲರೂ ಕತ್ತಲೆಯಲ್ಲಿ ಫೋನಿನ ಮೇಲೆ ಮಾತಾಡುತ್ತ ಕಾಯ್ದರು. ತಂಗಿ ಬಂದು ಮಗಳೊಡನೆ ಊಟ ಆಯಿತೇ ಎಂದು ವಿಚಾರಿಸಿಕೊಂಡು ಹೋದಳು.

ಕರೆಂಟು ಬಂದು, ಗೋರಿ ಸಿಕ್ಕಿ, ಕಬ್ಬಿಣವು ಮನೆ ಸೇರುವ ಹೊತ್ತಿಗೆ ಅಲ್ಲಿಯೂ ರಾತ್ರಿಯಾಗಿತ್ತು. ಆ ಲೋಕದ ಒಂದು ನಿಯಮವೇನೆಂದರೆ, ಅಲ್ಲಿರುವವರೆಲ್ಲರೂ ಹಾಸಿಗೆಯಲ್ಲಿ ಮಲಗಿದ ಹೊರತು ರಾತ್ರಿಯು ಹಾರಿ ಬೆಳಗಾಗುವುದಿಲ್ಲ. ಒಬ್ಬನು ಎಚ್ಚರವಿದ್ದರೂ ಉಳಿದವರು ಕಾಯಬೇಕು. ಮೂವರು ಮಲಗಿದ್ದರು. ಅಕ್ಕ ಇನ್ನೂ ಹಗೇವಿನಲ್ಲಿ ಕಬ್ಬಿಣವನ್ನು ನಾಲ್ಕು ಪೆಟ್ಟಿಗೆಗಳಿಗೆ ಪಾಲು ಮಾಡುತ್ತಿದ್ದಳು.

“ಅಕ್ಕಾ, ಬಾ ಇನ್ನ, ಮಲ್ಕೋ. ನಸುಕಿನ್ಯಾಗ ಮಾಡಿದ್ರಾತು.”

“ಬಂದೆ, ಬಂದೆ. ನಿನ್ನ ಪೆಟಗಿ ಒಂದ ಉಳದೈತಿ.”