ತೇಲುವ ಹಿಮಗುಡ್ಡಗಳ ಮೇಲೆ ಉಪಗ್ರಹದ ಕಣ್ಣು

1999ರ ಜುಲೈ ತಿಂಗಳು. ದಕ್ಷಿಣ ಅಮೆರಿಕದ ತುದಿಗೂ ಅಂಟಾರ್ಕ್ಟಿಕಾ ಖಂಡಕ್ಕೂ ನಡುವಿನ ಕಡಲಿನಲ್ಲಿ ಭಾರೀ ಹಿಮಬಂಡೆಯೊಂದು ತೇಲುತ್ತಿತ್ತು. ಉದ್ದ ಸುಮಾರು 77 ಕಿಲೋಮೀಟರ್, ಅಗಲ 38 ಕಿಲೋಮೀಟರ್. ಹೆಸರು ಬಿ-10ಎ. ಹಡಗುಗಳು ಓಡಾಡುವ ದಾರಿಯತ್ತ ಅದು ಸಾಗುತ್ತಿದ್ದರೂ, ಎಲ್ಲಿದೆ ಎಂಬುದೇ ಕಾವಲು ಕಾಯುವವರಿಗೆ ತಿಳಿಯದಾಗಿತ್ತು! ಅಲ್ಲಿ ಆಗ ಚಳಿಗಾಲ. ಹಗಲು ಕಿರಿದು, ಬಾನಿನ ತುಂಬ ಮೋಡ. ಬೆಳಕಿನಲ್ಲಿ ಚಿತ್ರ ತೆಗೆಯುವ ಉಪಗ್ರಹಗಳಿಗೆ ಕಾಣುತ್ತಿದ್ದುದು ಮೋಡ ಮಾತ್ರ.

ಕೊನೆಗೆ ಅದನ್ನು ಪತ್ತೆ ಮಾಡಿದ್ದು ಕ್ವಿಕ್‌ಸ್ಕ್ಯಾಟ್ ಎಂಬ ಉಪಗ್ರಹ. ಸ್ವಾರಸ್ಯವೆಂದರೆ, ಅಮೆರಿಕದ ನಾಸಾ ಸಂಸ್ಥೆ ಹಿಂದಿನ ತಿಂಗಳಷ್ಟೇ ಅದನ್ನು ಹಾರಿಸಿದ್ದು ಹಿಮ ಹುಡುಕಲೆಂದಲ್ಲ, ಸಮುದ್ರದ ಮೇಲಿನ ಗಾಳಿಯನ್ನು ಅಳೆಯಲೆಂದು!

ಹುಟ್ಟು ಮತ್ತು ನಾಮಕರಣ

ಅಂಟಾರ್ಕ್ಟಿಕಾದ ನೆಲದ ಮೇಲೆ ಲಕ್ಷಾಂತರ ವರ್ಷಗಳಿಂದ ಹಿಮ ಪದರ ಪದರವಾಗಿ ಬಿದ್ದು ಗಟ್ಟಿಯಾಗಿದೆ. ತನ್ನ ಭಾರಕ್ಕೆ ತಾನೇ ಜಾರಿ ಕಡಲಿನತ್ತ ಮೆಲ್ಲನೆ ಹರಿಯುವ ಈ ಹಿಮ, ತೀರವನ್ನು ದಾಟಿ ನೀರಿನ ಮೇಲೂ ಚಾಚಿಕೊಳ್ಳುತ್ತದೆ. ಇದೇ ಹಿಮಚಾಚು. ಚಾಚಿನ ಅಂಚು ಬಿರುಕು ಬಿಟ್ಟು ಕಳಚಿಕೊಂಡಾಗ ಹಿಮಬಂಡೆ ಹುಟ್ಟುತ್ತದೆ. 2000ದ ಮಾರ್ಚ್‌ನಲ್ಲಿ ರಾಸ್ ಹಿಮಚಾಚಿನಿಂದ ಕಳಚಿದ ಬಿ-15ರ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್!

ಇಂಥ ದೊಡ್ಡ ಬಂಡೆಗಳಿಗೆ ಹೆಸರಿಡುವುದು ಅಮೆರಿಕದ ರಾಷ್ಟ್ರೀಯ ಹಿಮ ಕೇಂದ್ರ. ಅಂಟಾರ್ಕ್ಟಿಕಾವನ್ನು ರೇಖಾಂಶಗಳ ಪ್ರಕಾರ ಎ, ಬಿ, ಸಿ, ಡಿ ಎಂದು ನಾಲ್ಕು ಭಾಗ ಮಾಡಲಾಗಿದೆ. ಬಂಡೆ ಮೊದಲು ಕಂಡ ಭಾಗದ ಅಕ್ಷರ, ಅದರ ಮುಂದೆ ಕ್ರಮಸಂಖ್ಯೆ. ಒಡೆದರೆ ತುಂಡುಗಳಿಗೆ ಇನ್ನೊಂದು ಅಕ್ಷರ. ಬಿ-10ಎ ಎಂದರೆ ‘ಬಿ’ ಭಾಗದ ಹತ್ತನೆಯ ಬಂಡೆಯ ಒಂದು ತುಂಡು. ಹೆಸರಿನಲ್ಲೇ ಊರು, ಮನೆತನ ಎರಡೂ ಇವೆ.

ಕತ್ತಲಲ್ಲೂ ಕಾಣುವುದು ಹೇಗೆ?

ಸಾಮಾನ್ಯ ಕ್ಯಾಮೆರಾಕ್ಕೆ ಸೂರ್ಯನ ಬೆಳಕು ಬೇಕು. ರೇಡಾರ್‌ಗೆ ಬೇಡ. ಅದು ತಾನೇ ಸೂಕ್ಷ್ಮತರಂಗಗಳನ್ನು ಕೆಳಗೆ ಕಳಿಸಿ, ಮರಳಿ ಬಂದ ಪಾಲನ್ನು ಅಳೆಯುತ್ತದೆ. ಕೆಲವೇ ಸೆಂಟಿಮೀಟರ್ ಅಲೆಯುದ್ದದ ಈ ತರಂಗಗಳಿಗೆ ಮೋಡ ಅಡ್ಡಿಯಲ್ಲ. ಗಾಳಿ ಬೀಸಿದಾಗ ನೀರಿನ ಮೈ ಒರಟಾಗುತ್ತದೆ, ಮರಳುವ ತರಂಗದ ಬಲ ಬದಲಾಗುತ್ತದೆ. ಕ್ವಿಕ್‌ಸ್ಕ್ಯಾಟ್ ಗಾಳಿಯನ್ನು ಅಳೆಯುತ್ತಿದ್ದುದು ಹೀಗೆ. ಹಿಮಬಂಡೆ ತರಂಗಗಳನ್ನು ಚದುರಿಸುವ ರೀತಿಯೇ ಬೇರೆ. ಆದ್ದರಿಂದ ಕಪ್ಪು ಕಡಲಿನ ನಡುವೆ ಬಿ-10ಎ ಬೆಳ್ಳನೆಯ ಮಚ್ಚೆಯಾಗಿ ಕಂಡಿತು.

ಇದೇ ಬಗೆಯ ಗಾಳಿಮಾಪಕಗಳನ್ನು ಹೊತ್ತ ನಮ್ಮ ಇಸ್ರೋದ ಓಷನ್‌ಸ್ಯಾಟ್-2 ಮತ್ತು ಸ್ಕ್ಯಾಟ್‌ಸ್ಯಾಟ್-1 ಉಪಗ್ರಹಗಳು 2009 ಮತ್ತು 2016ರಲ್ಲಿ ಶ್ರೀಹರಿಕೋಟಾದಿಂದ ಮೇಲೇರಿದವು. ಆದರೆ ಗಾಳಿಮಾಪಕಕ್ಕೆ ಭಾರೀ ಬಂಡೆಗಳು ಮಾತ್ರ ಕಾಣುತ್ತವೆ. ಹೆಚ್ಚು ವಿವರ ಬೇಕಾದರೆ ಚಿತ್ರ ಬಿಡಿಸುವ ರೇಡಾರ್ ಬೇಕು. ಯೂರೋಪಿನ ಸೆಂಟಿನೆಲ್-1 ಉಪಗ್ರಹಗಳು 2014ರಿಂದ ಈ ಕೆಲಸ ಮಾಡುತ್ತಿವೆ.

ತೂಕ ಹಾಕುವ ಆರ್ಕಿಮಿಡೀಸ್

ಬಂಡೆಯ ಉದ್ದಗಲ ಚಿತ್ರದಲ್ಲಿ ಸಿಗುತ್ತದೆ. ನೀರೊಳಗಿನ ಆಳ? ಇಲ್ಲಿ ನೆರವಿಗೆ ಬರುವುದು ಶಾಲೆಯಲ್ಲಿ ಕಲಿತ ಆರ್ಕಿಮಿಡೀಸ್ ತತ್ವ. ಒಂದು ಲೋಟ ನೀರಿಗೆ ಮಂಜುಗಡ್ಡೆಯ ತುಂಡನ್ನು ಹಾಕಿ ನೋಡಿ. ಸ್ವಲ್ಪ ಭಾಗ ಮಾತ್ರ ಮೇಲಿರುತ್ತದೆ. ಒಂದು ಘನ ಮೀಟರ್ ಗಟ್ಟಿ ಹಿಮದ ತೂಕ ಸುಮಾರು 917 ಕಿಲೋಗ್ರಾಂ, ಅಷ್ಟೇ ಗಾತ್ರದ ಕಡಲ ನೀರಿನದು ಸುಮಾರು 1,025. ಹೀಗಾಗಿ ಹತ್ತರಲ್ಲಿ ಒಂಬತ್ತು ಪಾಲು ಮುಳುಗಿರುತ್ತದೆ. 2010ರಲ್ಲಿ ಹಾರಿದ ಯೂರೋಪಿನ ಕ್ರಯೋಸ್ಯಾಟ್-2 ಉಪಗ್ರಹವು ತರಂಗ ಹೋಗಿ ಬರುವ ಸಮಯದಿಂದ ಬಂಡೆಯ ಎತ್ತರವನ್ನು ಅಳೆಯುತ್ತದೆ. ನೀರಿನ ಮೇಲೆ 30 ಮೀಟರ್ ಇದ್ದರೆ ಒಟ್ಟು ದಪ್ಪ 280 ಮೀಟರ್ ದಾಟುತ್ತದೆ. ಮೇಲ್ಪದರದ ಸಡಿಲ ಹಿಮದಿಂದ ಈ ಲೆಕ್ಕ ತುಸು ಬದಲಾಗುತ್ತದೆ, ಅಷ್ಟೇ.

ಈ ಲೆಕ್ಕ ಬರೀ ಕುತೂಹಲಕ್ಕಲ್ಲ. ಬಂಡೆಯ ಬುಡ ಎಷ್ಟು ಆಳದಲ್ಲಿದೆ ಎಂದು ತಿಳಿದರೆ, ಯಾವ ದ್ವೀಪದ ಬಳಿ ಅದು ಕಡಲ ತಳಕ್ಕೆ ತಗುಲಿ ನಿಲ್ಲಬಹುದು ಎಂಬುದನ್ನು ಊಹಿಸಬಹುದು.

ಮೂವತ್ತು ವರ್ಷ ಮಲಗಿದ ಬಂಡೆ

ಎ-23ಎ ಕತೆಯನ್ನೇ ನೋಡಿ. ಇದು 1986ರಲ್ಲಿ ಫಿಲ್ಕ್‌ನರ್ ಹಿಮಚಾಚಿನಿಂದ ಕಳಚಿಕೊಂಡ ಬಂಡೆ. ಆಗ ಸೋವಿಯತ್ ಒಕ್ಕೂಟದ ಸಂಶೋಧನಾ ನೆಲೆಯೊಂದೂ ಹಿಮದೊಂದಿಗೇ ಹೊರಟುಹೋಗಿ, ಅದರ ಸಲಕರಣೆ ತರಲು ತಂಡವೊಂದು ಧಾವಿಸಬೇಕಾಯಿತು. ವೆಡೆಲ್ ಸಮುದ್ರದ ತಳಕ್ಕೆ ಕಚ್ಚಿಕೊಂಡ ಈ ಬಂಡೆ ಮೂವತ್ತಕ್ಕೂ ಹೆಚ್ಚು ವರ್ಷ ಕದಲಲಿಲ್ಲ. 2020ರಲ್ಲಿ ಅಲುಗಾಡಿದ್ದನ್ನು ಉಪಗ್ರಹಗಳು ಕಂಡವು. ಆಗ ಅದರ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್, ಹೆಚ್ಚು ಕಡಿಮೆ ನಮ್ಮ ಕೊಡಗು ಜಿಲ್ಲೆಯಷ್ಟು. ತೂಕ ಒಂದು ಲಕ್ಷ ಕೋಟಿ ಟನ್ನಿನ ಸಮೀಪ.

2024ರಲ್ಲಿ ಕಡಲಡಿಯ ಗುಡ್ಡವೊಂದರ ಮೇಲಿನ ಸುಳಿಗೆ ಸಿಕ್ಕಿ ತಿಂಗಳುಗಟ್ಟಲೆ ಬುಗುರಿಯಂತೆ ನಿಂತಲ್ಲೇ ತಿರುಗಿತು. ಡಿಸೆಂಬರ್‌ನಲ್ಲಿ ಬಿಡಿಸಿಕೊಂಡು, 2025ರ ಮಾರ್ಚ್‌ನಲ್ಲಿ ಸೌತ್ ಜಾರ್ಜಿಯಾ ದ್ವೀಪದ ಬಳಿ ತಳಕ್ಕೆ ತಗುಲಿ ನಿಂತಿತು. ಪೆಂಗ್ವಿನ್, ಸೀಲ್‌ಗಳ ತವರಾದ ಈ ದ್ವೀಪದಲ್ಲಿ ತಾಯಿತಂದೆಗಳು ಕಡಲಿಗೆ ಹೋಗಿ ಆಹಾರ ತರುವವರೆಗೆ ಮರಿಗಳು ಕಾದಿರುತ್ತವೆ. ದಾರಿಗೆ ಹಿಮದ ಗೋಡೆ ಅಡ್ಡ ನಿಂತರೆ ಸುತ್ತು ದಾರಿ, ಮರಿಗಳಿಗೆ ಉಪವಾಸ. ಅದೃಷ್ಟಕ್ಕೆ ಈ ಬಾರಿ ಬಂಡೆ ದ್ವೀಪದಿಂದ ಸಾಕಷ್ಟು ದೂರದಲ್ಲೇ ನಿಂತಿತು. ಬಳಿಕ ಅಲ್ಲಿಂದಲೂ ಕದಲಿ, ಒಡೆದು, 2025ರ ಸೆಪ್ಟೆಂಬರ್ ವೇಳೆಗೆ ಅರ್ಧಕ್ಕಿಂತ ಚಿಕ್ಕದಾಯಿತು.

ಕರಗುವ ಬಂಡೆಯ ಲೆಕ್ಕವನ್ನೂ ಉಪಗ್ರಹಗಳು ಇಡುತ್ತವೆ. 2017ರಲ್ಲಿ ಹುಟ್ಟಿದ ಎ-68 ಹಿಮಬಂಡೆಯ ದೊಡ್ಡ ತುಂಡು ಇದೇ ದ್ವೀಪದ ಸುತ್ತ ಮೂರು ತಿಂಗಳಲ್ಲಿ 15,200 ಕೋಟಿ ಟನ್ ಸಿಹಿನೀರು ಸುರಿಸಿತೆಂದು ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿದರು. ಇಷ್ಟು ಸಿಹಿನೀರು ಸುತ್ತಲ ಜೀವಿಗಳ ಬದುಕನ್ನೇ ಬದಲಿಸಬಲ್ಲದು.

ಅಪಾಯ ಇರುವುದು ಚೂರಿನಲ್ಲಿ

1912ರಲ್ಲಿ ಟೈಟಾನಿಕ್ ಮುಳುಗಿ 1,500ಕ್ಕೂ ಹೆಚ್ಚು ಜನ ಸತ್ತರು. ಅದನ್ನು ಕೆಡವಿದ್ದು ಕೊಡಗಿನಷ್ಟು ದೊಡ್ಡ ಬಂಡೆಯಲ್ಲ, ಉತ್ತರ ಅಟ್ಲಾಂಟಿಕ್‌ನ ಒಂದು ಸಾಮಾನ್ಯ ಹಿಮಬಂಡೆ. ಆ ದುರಂತದ ಫಲವಾಗಿ 1914ರಲ್ಲಿ ಅಂತರರಾಷ್ಟ್ರೀಯ ಹಿಮ ಗಸ್ತು ಶುರುವಾಯಿತು. ಆದರೂ 1959ರಲ್ಲಿ ಗ್ರೀನ್‌ಲೆಂಡ್ ಬಳಿ ಡೆನ್ಮಾರ್ಕಿನ ಹಾನ್ಸ್ ಹೆಡ್ಟೋಫ್ಟ್ ಹಡಗು ಹಿಮಬಂಡೆಗೆ ಬಡಿದು 95 ಜನರೊಂದಿಗೆ ಕಾಣೆಯಾಯಿತು.

ನೂರು ಕಿಲೋಮೀಟರ್ ಉದ್ದದ ಬಂಡೆಯನ್ನು ಇಂದು ಯಾವ ಕಪ್ತಾನನೂ ಗುದ್ದಲಾರ. ಅದು ಉದುರಿಸುವ ಚೂರುಗಳೇ ಭಯ. ಅಲೆಗಳ ನಡುವೆ ತಲೆ ಮಾತ್ರ ತೋರುವ ಲಾರಿಯಷ್ಟು ಗಾತ್ರದ ಚೂರು ಉಪಗ್ರಹದ ಚಿತ್ರದಲ್ಲೂ ತಪ್ಪಿಹೋಗಬಹುದು. ಹಾಗಿದ್ದ ಮೇಲೆ ದೊಡ್ಡದರ ಬೆನ್ನು ಹತ್ತುವುದೇಕೆ? ತಾಯಿ ಬಂಡೆ ಎಲ್ಲಿದೆ, ಎತ್ತ ಹೊರಟಿದೆ ಎಂದು ಗೊತ್ತಿದ್ದರೆ ಚೂರುಗಳು ಎಲ್ಲಿ ಹರಡಿರಬಹುದೆಂದು ಮುಂಚೆಯೇ ಎಚ್ಚರಿಸಬಹುದು. ಕಳೆದುಹೋದ ಬಿ-10ಎ ಸಿಕ್ಕಾಗ ಎಲ್ಲರೂ ನಿಟ್ಟುಸಿರು ಬಿಟ್ಟದ್ದು ಇದಕ್ಕೇ.

2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಕೂಡಿ ನಿರ್ಮಿಸಿದ ನಿಸಾರ್ ರೇಡಾರ್ ಉಪಗ್ರಹ ಶ್ರೀಹರಿಕೋಟಾದಿಂದ ಮೇಲೇರಿದೆ. ಧ್ರುವಗಳ ಹಿಮದ ಚಲನೆಯನ್ನು ಅಳೆಯುವುದೂ ಅದರ ಕೆಲಸಗಳಲ್ಲೊಂದು. ಮುಂದಿನ ಸಲ ಲೋಟದಲ್ಲಿ ಮಂಜುಗಡ್ಡೆ ತೇಲುವುದನ್ನು ಕಂಡಾಗ, ಮಕ್ಕಳೇ, ಮುಳುಗಿರುವ ಆ ಒಂಬತ್ತು ಪಾಲನ್ನು ನೆನೆಯಿರಿ. ಕಾಣದ ಆ ಪಾಲಿನ ಲೆಕ್ಕ ಇಡುವುದರಲ್ಲೇ ಹಲವರ ಜೀವ ಉಳಿಯುತ್ತದೆ.