ಅಂಕಿ ತಗ್ಗಿದರೂ ಆರದ ಉರಿ

ಎಚ್.ಐ.ವಿ. ಸೋಂಕೆಂದರೆ ಮರಣಶಾಸನವೇ ಸರಿಯೆಂದು ಜನ ನಡುಗುತ್ತಿದ್ದ ಕಾಲವೊಂದಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರವು ವೈರಸ್ಸನ್ನು ಹತ್ತಿಕ್ಕುವ ಎ.ಆರ್.ಟಿ. ಔಷಧಿಯನ್ನು ಉಚಿತವಾಗಿ ಕೊಡಲಾರಂಭಿಸಿದ ತರುವಾಯ, ಹೊಸಕೋಟೆ ಸೀಮೆಯ ಅನುಗೊಂಡನಹಳ್ಳಿಯಂತಹ ಹೋಬಳಿ ಊರಿನ ಬಡ ರೈತನೂ ಮೊಮ್ಮಕ್ಕಳ ಮುಖ ನೋಡುವಷ್ಟು ಕಾಲ ಬಾಳುವುದು ಸಾಧ್ಯವಾಯಿತು. ಆಯುಷ್ಯ ಬೆಳೆದಂತೆ ಹೃದ್ರೋಗವೂ ಎದುರಾಯಿತು. ಸೋಂಕಿತರಲ್ಲಿ ಅದರ ಸಂಭವ ಇತರರಿಗಿಂತ ಸುಮಾರು ಇಮ್ಮಡಿ.

ಇದಕ್ಕೆ ರಕ್ತದ ಕೊಲೆಸ್ಟರಾಲ್ ಒಂದನ್ನೇ ಹೊಣೆ ಮಾಡುವಂತಿಲ್ಲ. ಚಿಕಿತ್ಸೆಯಿಲ್ಲದ ಸೋಂಕಿನಲ್ಲಿ ಮೊದಲು ಹಿತಕರ ಕೊಲೆಸ್ಟರಾಲೆನಿಸಿದ ಎಚ್.ಡಿ.ಎಲ್., ಅನಂತರ ಅಹಿತವಾದ ಎಲ್.ಡಿ.ಎಲ್. ಎರಡೂ ಇಳಿಯುತ್ತವೆ, ಈ ಇಳಿತವು ಆರೋಗ್ಯದ ಲಕ್ಷಣವಲ್ಲ, ರೋಗದ ಲಕ್ಷಣ. ವೈರಸ್ಸು ಕರುಳನ್ನು ಕಾಯುವ ಸಿ.ಡಿ.4 ಎಂಬ ರಕ್ಷಕ ಕೋಶಗಳನ್ನು ಸೋಂಕಿನ ಮೊದಲ ವಾರಗಳಲ್ಲಿಯೇ ನಾಶಗೊಳಿಸುವುದರಿಂದ, ಕಾವಲು ತಪ್ಪಿದ ಕರುಳಿನ ಭಿತ್ತಿಯಿಂದ ಬ್ಯಾಕ್ಟೀರಿಯಾಗಳ ಅಂಶಗಳು ರಕ್ತಕ್ಕೆ ಸೋರಿ, ಅಲ್ಲಿನ ಇತರ ರಕ್ಷಕ ಕೋಶಗಳನ್ನು ಸದಾ ಕೆರಳಿಸುತ್ತಿರುತ್ತವೆ; ಹೀಗೆ ಕೆರಳಿದ ಕೋಶಗಳು ರಕ್ತನಾಳದ ಗೋಡೆಯನ್ನು ಹೊಕ್ಕು, ಅಲ್ಲಿ ಕೆಟ್ಟುಹೋದ ಎಲ್.ಡಿ.ಎಲ್. ಅನ್ನು ನುಂಗಿ ಉಬ್ಬುತ್ತವೆ. ಅವು ನುಂಗಿದ ಕೊಬ್ಬನ್ನು ಹೊರಹಾಕುವ ದ್ವಾರವನ್ನು ವೈರಸ್ಸಿನ ‘ನೆಫ್’ ಎಂಬ ಪ್ರೋಟೀನು ಕೆಡಿಸುತ್ತದೆ. ಈ ಕೆರಳಿಕೆಯ ಉರಿಯೂತಕ್ಕೆ ಸಿಕ್ಕಿದ ಎಚ್.ಡಿ.ಎಲ್. ತಾನೂ ತನ್ನ ರಕ್ಷಣಾಗುಣವನ್ನು ಕಳೆದುಕೊಳ್ಳುತ್ತದೆ. ಆದಕಾರಣ ಸಾಧಾರಣವೆನಿಸುವ ಕೊಲೆಸ್ಟರಾಲ್ ಅಂಕಿಯೂ ಇಂಥವರಲ್ಲಿ ಅಪಾಯಕಾರಿಯಾಗಬಲ್ಲದು.

ಔಷಧಿ ತೊಡಗಿದೊಡನೆ ಕೊಲೆಸ್ಟರಾಲ್ ಏರುವುದುಂಟು. ಕೆಲವು ಹಳೆಯ ಔಷಧಿಗಳ ಈ ದೋಷಕ್ಕೆ ಅಂಜಿ, ಚಿಕಿತ್ಸೆಗೆ ಆಗಾಗ ಬಿಡುವು ಕೊಟ್ಟರೆ ಹೃದಯಕ್ಕೆ ಹಿತವಾದೀತೆಂದು ವೈದ್ಯರೇ ಒಮ್ಮೆ ಆಶಿಸಿದ್ದರು. 33 ದೇಶಗಳಲ್ಲಿ ನಡೆದ ‘ಸ್ಮಾರ್ಟ್’ ಪ್ರಯೋಗವು ಈ ಆಶೆಯನ್ನು ಸುಳ್ಳಾಗಿಸಿತು: ಬಿಡುವು ಪಡೆದವರಲ್ಲಿ ಸಾವೂ ಹೃದ್ರೋಗವೂ ಹೆಚ್ಚಿದುದರಿಂದ 2006ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅವರ ರಕ್ತದಲ್ಲಿ ಉರಿಯೂತವನ್ನು ಸೂಚಿಸುವ ಇಂಟರ್‌ಲ್ಯೂಕಿನ್-6 ಏರಿದ್ದಿತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಮಹತ್ವದ ಪಾಠ ಬೇರಿಲ್ಲ. ಔಷಧಿಯ ದೋಷಕ್ಕಿಂತ ಹತೋಟಿಯಿಲ್ಲದ ವೈರಸ್ಸಿನ ಉರಿಯೇ ಹೃದಯಕ್ಕೆ ದೊಡ್ಡ ವೈರಿ.

ಎ.ಆರ್.ಟಿ. ಆ ಉರಿಯನ್ನು ತಗ್ಗಿಸುತ್ತದೆಯೇ ಹೊರತು ಪೂರ್ತಿ ಆರಿಸುವುದಿಲ್ಲ; ಉಳಿದ ಅಪಾಯಕ್ಕೆ ಬೇರೆ ಮದ್ದೂ ನೆರವಾಗಬಲ್ಲದು. ಭಾರತವೂ ಸೇರಿ 12 ದೇಶಗಳ 7,769 ಸೋಂಕಿತರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ‘ರಿಪ್ರೀವ್’ ಪ್ರಯೋಗದಲ್ಲಿ, ಹೃದ್ರೋಗದ ಭಯ ಹೆಚ್ಚಿಲ್ಲದ 40ರಿಂದ 75 ವಯಸ್ಸಿನವರಿಗೂ ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಬಗೆಯ ಪಿಟವಾಸ್ಟಾಟಿನ್ ಮಾತ್ರೆಯನ್ನು ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ, ಹೃದಯಾಘಾತ, ಪಾರ್ಶ್ವವಾಯು ಮೊದಲಾದ ಗಂಡಾಂತರಗಳು ಶೇ. 35ರಷ್ಟು ತಗ್ಗಿದವು.

ತಿಂಗಳ ಮಾತ್ರೆಗೆಂದು ಎ.ಆರ್.ಟಿ. ಕೇಂದ್ರಕ್ಕೆ ಹೋಗುವ ನಲವತ್ತು ದಾಟಿದವರು ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿಕೊಂಡು, ಸ್ಟಾಟಿನ್ ತಮಗೆ ಬೇಕೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಲಿ, ಬೀಡಿಯನ್ನು ಬಿಡಲಿ, ಎ.ಆರ್.ಟಿ. ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸದಿರಲಿ.